ಹರಕೆ ತೀರಿದ ಮೇಲೂ ಎಳೆಯುವ ಕಾಲು

ಹೊಸನಗರದ ಪೇಟೆಯಲ್ಲಿ ನನ್ನ ಕಥೆಯನ್ನು ಎಲ್ಲರೂ ಹೇಳುವುದು ಒಂದೇ ರೀತಿ. ಪಾರ್ಶ್ವವಾಯು ಬಡಿದು ಮಲಗಿದ್ದ ಹುಡುಗಿಯನ್ನು ಘಟ್ಟದ ಕೆಳಗಿನ ದೊಡ್ಡ ಆಸ್ಪತ್ರೆಗೆ ಒಯ್ದರು, ರೋಬೋಟಿನೊಳಗೆ ನಿಲ್ಲಿಸಿದರು, ಕಣ್ಣಿಗೆ ಒಂದು ಪೆಟ್ಟಿಗೆ ಕಟ್ಟಿದರು, ಹುಡುಗಿ ನಡೆದೇ ಬಿಟ್ಟಳು. ಪುರಾವೆ ಕೇಳಿದರೆ ಫೋನು ತೆಗೆದು ವಿಡಿಯೋ ತೋರಿಸುತ್ತಾರೆ.

ಆ ಹುಡುಗಿ ನಾನು. ನನಗೆ ಆಕ್ಷೇಪವಿದೆ. ಆ ವಿಡಿಯೋದಲ್ಲಿ ನನ್ನ ತೂಕವನ್ನು ಎಷ್ಟರಮಟ್ಟಿಗೆ ಸೂರಿನಿಂದ ಇಳಿದ ಪಟ್ಟಿಗಳು ಹೊತ್ತಿದ್ದವು, ಕಾಲನ್ನು ಎತ್ತಿ ಮುಂದಿಟ್ಟದ್ದು ನಾನೋ ಮೋಟಾರೋ ಎಂದು ಒಬ್ಬರೂ ಕೇಳಿಲ್ಲ. ನೋಡಿದವರು ಕಣ್ಣೊರೆಸಿಕೊಳ್ಳುತ್ತಾರೆ, ಮುಂದಿನವರಿಗೆ ಕಳಿಸುತ್ತಾರೆ. ಇಷ್ಟು ಸಡಿಲವಾದ ಪುರಾವೆಯನ್ನು ನನ್ನ ವಿದ್ಯಾರ್ಥಿಗಳು ಚರ್ಚಾಸ್ಪರ್ಧೆಯಲ್ಲಿ ಮುಂದಿಟ್ಟಿದ್ದರೆ ಅಲ್ಲೇ ಕೂರಿಸುತ್ತಿದ್ದೆ.

ಊರಿನವರ ಸಂತೋಷ ಕೆಡಿಸುವುದು ನನ್ನ ಉದ್ದೇಶವಲ್ಲ. ಎಲ್ಲೋ ಒಂದು ಆಸ್ಪತ್ರೆಯ ಪಡಸಾಲೆಯಲ್ಲಿ ಕುಳಿತು, ಬೇರೆಯವರು ಯಂತ್ರದಲ್ಲಿ ನಡೆಯುವ ವಿಡಿಯೋ ನೋಡುತ್ತ, 'ನನ್ನ ಕಾಲು ಮಾತ್ರ ಯಾಕೆ ಹೀಗೆ' ಎಂದುಕೊಳ್ಳುತ್ತಿರುವವರು ಇದ್ದೇ ಇರುತ್ತಾರೆ. ಇದು ಅವರಿಗೆ.

ಆಗ ನನಗೆ ಇಪ್ಪತ್ತೆಂಟು. ತೀರ್ಥಹಳ್ಳಿಯ ಒಂದು ಪದವಿಪೂರ್ವ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಹೇಳಿಕೊಡುತ್ತಿದ್ದೆ. ಮಕ್ಕಳನ್ನು ಚರ್ಚೆಗೆ ತಯಾರು ಮಾಡುವುದೂ ನನ್ನ ಕೆಲಸವೇ ಆಗಿತ್ತು. ಅವತ್ತು ಬೇರೊಂದು ಕಾಲೇಜಿನ ಸ್ಪರ್ಧೆಗೆ ತೀರ್ಪುಗಾರಳಾಗಿ ಹೋಗಿದ್ದೆ. ಎಲ್ಲ ಮುಗಿದ ಮೇಲೆ ಪಕ್ಕದಲ್ಲಿದ್ದ ಹಿರಿಯ ತೀರ್ಪುಗಾರರು ನನ್ನ ಅಂಕಪಟ್ಟಿಗೆ ಇಣುಕಿ, "ಎಂತ ಮೇಡಂ, ಎಡಗಡೆ ಕಾಲಂ ಪೂರ್ತಿ ಖಾಲಿ ಬಿಟ್ಟಿದೀರಿ? ವಿರೋಧದವ್ರು ಅಷ್ಟು ಕೆಟ್ಟದಾಗಿ ಮಾತಾಡಿದ್ರಾ?" ಎಂದರು.

"ಎಲ್ರಿಗೂ ಹಾಕಿದೀನಲ್ಲ ಸಾರ್, ಸರಿ ನೋಡಿ," ಎಂದೆ.

ಅವರು ನಕ್ಕರು. ನನ್ನ ನಾಲಿಗೆಯ ಖ್ಯಾತಿ ಅವರಿಗೆ ಗೊತ್ತಿತ್ತು, ಕುಟುಕುತ್ತಿದ್ದೇನೆ ಎಂದುಕೊಂಡರು. ಆಮೇಲೆ ಅವರ ನಗು ನಿಂತಿತು. ನನ್ನ ಎಡಗೈಯಲ್ಲಿದ್ದ ಟೀ ಲೋಟ ವಾಲಿ, ಬಿಸಿ ಟೀ ತೊಡೆಯ ಮೇಲೆ ಸುರಿಯುತ್ತಿತ್ತು. ನನಗೆ ಗೊತ್ತೇ ಇರಲಿಲ್ಲ.

ಆಂಬುಲೆನ್ಸು ಆಗುಂಬೆ ಘಾಟಿ ಇಳಿದದ್ದು ನೆನಪಿದೆ. ಪ್ರತಿ ತಿರುವಿನಲ್ಲೂ ಅಪ್ಪ ನನ್ನ ತಲೆ ಹಿಡಿದುಕೊಳ್ಳುತ್ತಿದ್ದರು. ಕತ್ತಿನ ರಕ್ತನಾಳವೊಂದರ ಒಳಪದರ ಹರಿದು, ಹೆಪ್ಪುಗಟ್ಟಿದ ರಕ್ತ ಮೆದುಳಿಗೆ ಹೋಗಿತ್ತಂತೆ. ನೋಡಲು ಬಂದ ಬಂಧುಗಳು ಇದಕ್ಕಿಂತ ಒಳ್ಳೆಯ ಕಾರಣ ಹುಡುಕಿದರು: "ಸಣ್ಣವ್ಳಿದ್ದಾಗಿಂದ ವಾದ, ವಾದ, ವಾದ. ಮೆದುಳು ಎಷ್ಟೂಂತ ತಡ್ಕೊಳತ್ತೆ?"

ನನ್ನ ಮಾತು ಹೋಗಲಿಲ್ಲ. ತೊಂದರೆ ಶುರುವಾದದ್ದೇ ಅಲ್ಲಿಂದ.

ಡಾಕ್ಟರು ಎಡಗಾಲು ಎತ್ತಲು ಹೇಳಿದರು. ಎತ್ತಿದೆ. ಅವರು ಮತ್ತೆ ಎತ್ತಿ ಎಂದರು. "ಎತ್ತಿದೀನಲ್ಲ ಡಾಕ್ಟ್ರೇ, ಇನ್ನೆಷ್ಟು ಎತ್ಲಿ? ಎತ್ತಿಲ್ಲ ಅನ್ನೋದಕ್ಕೆ ನಿಮ್ಮ ಹತ್ರ ಆಧಾರ ಏನಿದೆ?" ಎಂದು ಕೇಳಿದೆ. ನಾನು ಸುಳ್ಳು ಹೇಳುತ್ತಿರಲಿಲ್ಲ. ಕಾಲು ಎದ್ದದ್ದು ನನಗೆ ಖಂಡಿತವಾಗಿ ಗೊತ್ತಾಗಿತ್ತು. ಈ ಕಾಯಿಲೆ ಕಾಲನ್ನಷ್ಟೇ ಅಲ್ಲ, ಕಾಲು ಹೋಗಿದೆ ಎಂಬ ಸುದ್ದಿಯನ್ನೂ ತಡೆಹಿಡಿಯಬಲ್ಲದು.

ಮಂಚದ ಆ ಕಡೆ ನಿಂತಿದ್ದ ಅಮ್ಮ ಅಳುತ್ತಿದ್ದಳು. ಆದರೂ ಧ್ವನಿ ಗಟ್ಟಿಯಾಗಿತ್ತು. "ಇಲ್ಲ ಮಗಾ. ಎತ್ತಿಲ್ಲ ನೀನು. ಡಾಕ್ಟ್ರೇ, ಇವ್ಳು ಮಾತಲ್ಲಿ ನಿಮ್ಮನ್ನೂ ಸೋಲಿಸ್ತಾಳೆ. ಕೇಳ್ಬೇಡಿ. ಕಾಲು ಅಲ್ಲೇ ಬಿದ್ದಿದೆ."

ಡಾಕ್ಟರು ತಮ್ಮ ಹಿಂದಿದ್ದ ಕಿರಿಯರ ಕಡೆ ತಿರುಗಿ, ಈ ಕಾಯಿಲೆಯಲ್ಲಿ ರೋಗಿಗಿಂತ ತಾಯಿಯನ್ನು ಕೇಳುವುದು ವಾಸಿ ಎಂದರು. ಸರಿಯಾದ ಮಾತೇ. ಅಂದಿನಿಂದ ನನ್ನ ಕಾಲಿನ ವಿಷಯದಲ್ಲಿ ಅಮ್ಮನ ಮಾತೇ ಸಾಕ್ಷಿಯಾಯಿತು. ನಾನು ನನ್ನ ಪಕ್ಷದ ವಕೀಲೆ ಮಾತ್ರ.

ಕೆಲವು ವಾರಗಳ ಮೇಲೆ ಸುದ್ದಿ ತಲುಪಿತು. ಒಂದು ಬೆಳಿಗ್ಗೆ ಹೊದಿಕೆಯಡಿ ಯಾರದೋ ತಣ್ಣನೆಯ ಕಾಲು ನನ್ನ ಬಲಗಾಲಿಗೆ ತಗುಲಿತು. ಯಾರ ಕಾಲಿದು ಎಂದು ಗಾಬರಿಯಿಂದ ನೋಡಿದರೆ ನನ್ನದೇ. ಕಾಯಿಲೆಯ ಕೆಟ್ಟ ದಿನ ಯಾವುದು ಎಂದು ಕೇಳುವವರು ಆಂಬುಲೆನ್ಸಿನ ದಿನವನ್ನು ನಿರೀಕ್ಷಿಸುತ್ತಾರೆ. ಅಲ್ಲ. ಇದು.

ಆಮೇಲೆ ಪುನಶ್ಚೇತನ ವಿಭಾಗಕ್ಕೆ ಕಳಿಸಿದರು. ಅಲ್ಲಿ ಕಾಯುವ ಬೆಂಚುಗಳಿದ್ದವು, ಎದುರಿಗೆ ಮಸುಕು ಗಾಜಿನ ಬಾಗಿಲು, ಬಾಗಿಲಾಚೆ ಯಂತ್ರ. ನನ್ನ ಪಕ್ಕ ದಿನಾಲೂ ಕೂರುತ್ತಿದ್ದವರು ಸಾಗರದ ಕಡೆಯ ಗಣಪಣ್ಣ. ಮದುವೆ ಮನೆಗಳಿಗೆ ಅಡುಗೆ ಮಾಡುತ್ತಿದ್ದವರು, ಸ್ವಲ್ಪ ತೊದಲು.

"ಕೂಸೆ, ನಿಂಗೆ ಯಾವ ಬದಿ?" ಎಂದರು ಮೊದಲ ದಿನ.

"ಎಡ."

"ಯಂಗೆ ಬಲ. ಇಬ್ರನ್ನೂ ನಡು ಸೀಳಿ ಕೂಡ್ಸಿ ಹೊಲ್ದ್ರೆ ಒಂದು ಸರೀ ಮನುಷ್ಯ ಆಗ್ತು ನೋಡು."

"ಉಳಿದ ಇನ್ನೊಂದು?"

"ಅದನ್ನ ಡಾಕ್ಟ್ರಿಗೆ ಕೊಡನ. ಅವಕ್ಕೂ ಗೊತ್ತಾಗ್ಲಿ."

ಕಾಯಿಲೆ ಬಂದ ಮೇಲೆ ಮೊದಲ ಸಲ ನಾನು ಶಬ್ದ ಮಾಡಿ ನಕ್ಕದ್ದು ಆಗ. ಅಮ್ಮ ಬೆಚ್ಚಿ ನನ್ನ ಕಡೆ ನೋಡಿದಳು.

ಯಂತ್ರ ಎಂದರೆ ಹೀಗೆ: ಓಡುವ ಪಟ್ಟಿಯ ಮೇಲೆ ನಮ್ಮನ್ನು ನಿಲ್ಲಿಸುತ್ತಾರೆ. ಎದೆಗೆ, ಸೊಂಟಕ್ಕೆ, ತೊಡೆಸಂದಿಗೆ ಬೆಲ್ಟು ಬಿಗಿದು ಮೇಲಿನಿಂದ ಎತ್ತಿ ಹಿಡಿಯುತ್ತಾರೆ. ಎರಡೂ ಕಾಲಿಗೆ ಲೋಹದ ಕಾಲುಗಳನ್ನು ಕಟ್ಟುತ್ತಾರೆ. ಮಂಡಿ ಮಡಚುವುದೂ ಬಿಡಿಸುವುದೂ ಅವುಗಳ ಕೆಲಸ. ಕಣ್ಣಿಗೆ ಪೆಟ್ಟಿಗೆಯಂಥ ಕನ್ನಡಕ. ಅದರೊಳಗೆ ಒಂದು ಕಾಡುದಾರಿ, ಹಳದಿ ಎಲೆಗಳು, ಯಾವುದೋ ದೇಶದ ನೆಟ್ಟನೆಯ ಮರಗಳು, ದಾರಿಯಂಚಿಗೆ ಬೆಂಚು. ತಲೆ ಬಗ್ಗಿಸಿದರೆ ಬೂಟು ಹಾಕಿದ ಎರಡು ಕಾಲು ಕಾಣುತ್ತವೆ, ನಾವು ನಡೆದಂತೆ ನಡೆಯುತ್ತವೆ. ಎಡಗಡೆ ಇರುವುದು ಗಮನಕ್ಕೇ ಬಾರದ ನನ್ನಂಥವರಿಗೆಂದು ಹಕ್ಕಿಗಳನ್ನು ಆ ಕಡೆಯೇ ಕೂರಿಸಿರುತ್ತಾರೆ, ತಿರುಗಿ ನೋಡಲೇಬೇಕು ಎಂದು.

ಗಣಪಣ್ಣನಿಗೆ ಆ ಕಾಡು ಒಪ್ಪಿಗೆಯಾಗಿರಲಿಲ್ಲ. "ಕಾಡು ಹೇಳಿ ತೋರಿಸ್ತ. ರಕ್ತ ಹೀರಲೆ ಒಂದು ಉಂಬಳ ಇಲ್ಲೆ, ಒಂದು ಮುಳ್ಳಿಲ್ಲೆ. ಆ ದಾರಿ ನಡೆಯಲೆ ಕಲ್ತು ಎಂತ ಮಾಡದು?"

ನಾನು ಯಂತ್ರದ ಪರ ವಾದಿಸಿದೆ, ಅಭ್ಯಾಸಬಲದಿಂದ. ಒಳಗೆ ಮಾತ್ರ ಅವರದೇ ಅನುಮಾನ.

ನನ್ನನ್ನು ನೋಡಿಕೊಂಡ ಥೆರಪಿಸ್ಟ್ ಪ್ರಮೀಳಾ, ಕುಂದಾಪುರದ ಕಡೆಯವರು. ಮೊದಲ ದಿನ ಯಂತ್ರವೇ ಎಲ್ಲ ಮಾಡುತ್ತದೆ, ನೀವು ಸುಮ್ಮನೆ ದಾರಿ ನೋಡಿ ಎಂದರು. ಸುಮ್ಮನೆ ನೋಡಿದೆ. ಲೋಹದ ಕಾಲುಗಳು ನನ್ನವನ್ನು ಎತ್ತಿದವು, ಇಟ್ಟವು. ಕಣ್ಣೆದುರಿನ ಬೂಟುಗಳು ಠೀವಿಯಿಂದ ನಡೆದವು. ಎಡಗಡೆ ಒಂದು ನೀಲಿ ಹಕ್ಕಿ ಹಾರಿತು, ನನಗರಿವಿಲ್ಲದೆ ನಕ್ಕೆ. ಅಮ್ಮನನ್ನು ಒಳಗೆ ಬಿಡುತ್ತಿರಲಿಲ್ಲ. ಪಾಪ ಎಂದುಕೊಂಡು ಪ್ರಮೀಳಾ ಅಮ್ಮನ ಫೋನಿನಲ್ಲೇ ವಿಡಿಯೋ ಮಾಡಿದರು. ಚೆನ್ನಾಗಿ ಬರಲಿ ಎಂದು ಹತ್ತಿರದಿಂದ ಮಾಡಿದರು. ಅದರಲ್ಲಿ ನನ್ನ ನಗುವಿದೆ, ಚಲಿಸುವ ಮಂಡಿಗಳಿವೆ, ಪಕ್ಕದ ಪರದೆಯಲ್ಲಿ ಸಾಗುವ ಕಾಡುದಾರಿಯಿದೆ. ಮೇಲಿನ ಪಟ್ಟಿಗಳು ಚೌಕಟ್ಟಿನ ಹೊರಗೆ ಉಳಿದವು.

ಈಗ ಅಮ್ಮನ ಹರಕೆಯ ವಿಷಯ ಹೇಳಬೇಕು. ನಾವು ಜೈನರು. ನನ್ನನ್ನು ಆಸ್ಪತ್ರೆಗೆ ಸೇರಿಸಿದ ದಿನವೇ ಅಮ್ಮ ಬಸದಿಯ ಪದ್ಮಾವತಿ ಅಮ್ಮನಿಗೆ ಹೇಳಿಕೊಂಡಿದ್ದಳು: ಮಗಳು ನಡೆದ ದಿನ ಸೀರೆ ಉಡಿಸಿ ಉಡಿ ತುಂಬುತ್ತೇನೆ. ಇಂಥ ಹರಕೆಗೆ ನಮ್ಮಲ್ಲಿ ಒಂದು ಕಟ್ಟುಪಾಡಿದೆ. ಫಲ ಬಂದ ಮೇಲೆ ತಡ ಮಾಡುವಂತಿಲ್ಲ. ಒಮ್ಮೆ ತೀರಿಸಿದ ಮೇಲೆ ಅದೇ ಫಲವನ್ನು ಮತ್ತೆ ಕೇಳುವಂತಿಲ್ಲ. ತೀರಿಸಿದ ಮೇಲೆ 'ಇನ್ನೂ ಆಗಿಲ್ಲ' ಎಂದರೆ, ಕೊಟ್ಟವಳನ್ನೇ ಸುಳ್ಳು ಮಾಡಿದಂತೆ.

ವಿಡಿಯೋ ಆದ ಮಾರನೆಯ ದಿನ ಅಮ್ಮ ಚಿಕ್ಕಮ್ಮನನ್ನು ನನ್ನ ಹತ್ತಿರ ಬಿಟ್ಟು ಊರಿಗೆ ಹೊರಟಳು. ಮನೆ ನೋಡಿಕೊಂಡು ಬರುತ್ತೇನೆ ಎಂದಿದ್ದಳು. ವಾರ ಕಳೆಯುವುದರೊಳಗೆ ನನ್ನ ಫೋನಿಗೆ ಚಿತ್ರಗಳು ಬಂದವು: ಹಸಿರು ಅಂಚಿನ ಸೀರೆ ಉಟ್ಟ ಪದ್ಮಾವತಿ ಅಮ್ಮ, ಕೈ ಮುಗಿದ ಅಪ್ಪ, ಪಂಕ್ತಿಯಲ್ಲಿ ಕೂತ ಬಂಧುಗಳು, ಎಲೆಯಲ್ಲಿ ಹೋಳಿಗೆ. ಕೆಳಗೆ ಯಾರೋ ಬರೆದಿದ್ದರು, 'ಶ್ರುತಾ ನಡೆದ ಸಂತೋಷಕ್ಕೆ'.

ಚಿತ್ರಗಳು ಬಂದಾಗ ನಾನು ಚಿಕ್ಕಮ್ಮನ ಹೆಗಲಿಗೆ ಜೋತುಬಿದ್ದು ಬಚ್ಚಲಿಗೆ ಹೋಗುತ್ತಿದ್ದೆ.

"ಚಿಕ್ಕಮ್ಮಾ, ಇವ್ರೆಲ್ಲ ಯಾರು ನಡೆದ್ರೂಂತ ಊಟ ಮಾಡ್ತಿದಾರೆ?"

"ಸುಮ್ನಿರೇ ಮಾರಾಯ್ತಿ," ಎಂದಳು ಚಿಕ್ಕಮ್ಮ. "ಒಳ್ಳೇದು ನುಡೀಬೇಕು. ಕಾಲೆತ್ತು, ಹೊಸಿಲಿದೆ."

ಅಮ್ಮ ವಾಪಸು ಬಂದಾಗ ಬೇರೆಯೇ ಆಗಿದ್ದಳು. ಕಾಲು ಎಳೆಯುತ್ತದೆ ಎಂದರೆ, "ಹಾಗೆಲ್ಲ ಬಾಯಲ್ಲಿ ಅನ್ಬಾರ್ದು." ಆಗಲ್ಲ ಎಂದರೆ, "ಆಗಿದೆ." ನನ್ನ ಕಾಲಿನ ವಿಷಯದಲ್ಲಿ ಇಡೀ ಆಸ್ಪತ್ರೆ ನಂಬಿದ್ದ ಒಬ್ಬಳೇ ಸಾಕ್ಷಿ ಹೇಳಿಕೆ ಬದಲಿಸಿದ್ದಳು.

ಅದೇ ದಿನಗಳಲ್ಲಿ ನಿಜವಾದದ್ದೊಂದು ನಡೆಯಿತು. ಪ್ರಮೀಳಾ ದಿನದಿನವೂ ಯಂತ್ರದ ಸಹಾಯ ಕಡಿಮೆ ಮಾಡುತ್ತ ಬಂದಿದ್ದರು. "ಇವತ್ತು ಮಿಷನ್‌ಗೆ ಸ್ವಲ್ಪ ಸೋಮಾರಿ ಆಗ್ಲಿಕ್ಕೆ ಹೇಳಿದ್ದೇನೆ ಟೀಚರ್. ಅದು ಮಾಡುವುದಿಲ್ಲ, ನೀವೇ ಮಾಡ್ಬೇಕು, ಆಯ್ತಾ?"

ಕಾಡಿನಲ್ಲಿ ನನ್ನ ಬೂಟುಗಳು ನಿಂತುಬಿಟ್ಟವು. ಎಡಬೂಟು ಎಲೆಗಳ ನಡುವೆ ಹೂತಂತೆ ಇತ್ತು. ನಾನು ಅದಕ್ಕೆ ಆಜ್ಞೆ ಮಾಡಿದೆ, ಬೈದೆ, ಬೇಡಿಕೊಂಡೆ. ತೊಡೆಯ ಬುಡದಲ್ಲೆಲ್ಲೋ ಒಂದು ಎಳೆತ ಹುಟ್ಟಿತು, ಹಳೆಯ ಬಾಗಿಲಿನ ಅಗುಳಿ ಸರಿದ ಹಾಗೆ. ಬೂಟು ಒಂದಿಷ್ಟು ಜರುಗಿತು.

"ಯಾರದು?" ಎಂದೆ. "ನಾನಾ, ಮಿಷನ್ನಾ?"

"ನೀವೇ ಮಾರಾಯ್ರೆ!" ಪ್ರಮೀಳಾ ಕೂಗಿದರು. "ಎಂತ, ಅದಕ್ಕೂ ಪುರಾವೆ ಬೇಕಾ?"

ಬೆಲ್ಟುಗಳಲ್ಲಿ ನೇತಾಡುತ್ತಲೇ ಅತ್ತೆ. ಅದರ ವಿಡಿಯೋ ಇಲ್ಲ. ಇದ್ದಿದ್ದರೂ ಯಾರೂ ಯಾರಿಗೂ ಕಳಿಸುತ್ತಿರಲಿಲ್ಲ. ನೋಡುವವರಿಗೆ ಅದು ನಿಂತುಹೋದ ಯಂತ್ರದಲ್ಲಿ ಅಳುತ್ತಿರುವ ಹೆಂಗಸು, ಅಷ್ಟೇ.

ಹೊರಗೆ ಬಂದು ಅಮ್ಮನಿಗೆ ಹೇಳಿದೆ. "ಇವತ್ತು ನಾನೇ ಕಾಲು ಮುಂದಿಟ್ಟೆ." ಅಮ್ಮ ಕಿಟಕಿಯ ಕಡೆ ನೋಡುತ್ತ, "ಮೊದ್ಲಿಂದ ನೀನೇ ಇಡ್ತಿದೀಯಲ್ಲ," ಎಂದಳು. ಗಣಪಣ್ಣ ಮಾತ್ರ ತಮ್ಮ ಎಡಗೈಯಿಂದ ಬಲಗೈಯನ್ನು ಎತ್ತಿ ಹಿಡಿದು, ಎರಡನ್ನೂ ಸೇರಿಸಿ ಒಂದು ಚಪ್ಪಾಳೆ ತಟ್ಟಿದರು.

ಸ್ವಲ್ಪ ದಿನಕ್ಕೇ, ಮೊದಲು ಕಾಲೆತ್ತಲು ಹೇಳಿದ್ದ ಅದೇ ದೊಡ್ಡ ಡಾಕ್ಟರ ಮುಂದೆ ಪರಿಶೀಲನೆ ಬಂತು. ಯಂತ್ರದ ತರಬೇತಿ ಮುಂದುವರಿಸಬೇಕೋ ಬೇಡವೋ ಎಂದು ಅವತ್ತು ತೀರ್ಮಾನ. ಯಂತ್ರ ಒಂದು, ಬೆಂಚಿನ ತುಂಬ ಜನ. ನನಗೆ ಬೇಕಾಗಿದ್ದದ್ದು ಇನ್ನಷ್ಟು ಸಮಯ. ಅಗುಳಿ ಈಗಷ್ಟೇ ಸರಿದಿತ್ತು. ಕಾಲೇಜಿನಲ್ಲಿ ನನ್ನ ತರಗತಿ ಮಹಡಿಯ ಮೇಲೆ. ಆ ಮೆಟ್ಟಿಲು ಹತ್ತುವುದೋ, ಕೆಲಸ ಬಿಡುವುದೋ ಎಂಬುದು ಈ ಕಾಲಿನ ಮೇಲೆ ನಿಂತಿತ್ತು.

"ಮನೇಲಿ... ಅಂದ್ರೆ ರೂಮಲ್ಲಿ ಹೇಗೆ ನಡೀತಾರೆ?" ಡಾಕ್ಟರು ಕೇಳಿದ್ದು ಅಮ್ಮನನ್ನು.

"ಚೆನ್ನಾಗಿ ನಡೀತಾಳೆ ಡಾಕ್ಟ್ರೇ," ಎಂದಳು ಅಮ್ಮ. "ಒಬ್ಳೇ ಬಚ್ಚಲಿಗೆ ಹೋಗಿ ಬರ್ತಾಳೆ."

"ಇಲ್ಲ ಡಾಕ್ಟ್ರೇ," ಎಂದೆ. "ಯಾರಾದ್ರೂ ಹಿಡ್ಕೊಳ್ದೆ ನಾನು ಬಾಗಿಲವರೆಗೂ ಹೋಗಲ್ಲ. ನಿನ್ನೆ ಸಂಜೆ ಮಂಚದ ಕಾಲಿಗೆ ಎಡವಿದೀನಿ. ಅಮ್ಮ ಯಾಕೆ ಹೀಗೆ ಹೇಳ್ತಿದಾಳೋ ನಂಗೆ ಗೊತ್ತು, ಅದಕ್ಕೂ ನನ್ನ ಕಾಲಿಗೂ ಸಂಬಂಧ ಇಲ್ಲ."

ಡಾಕ್ಟರು ಮೃದುವಾಗಿಯೇ ನಕ್ಕರು. "ಶ್ರುತಾ, ಬಂದ ಹೊಸದ್ರಲ್ಲಿ ಕಾಲು ಸರಿ ಇದೆ ಅಂತ ನನ್ನ ಹತ್ರ ಇಷ್ಟೇ ಜೋರಾಗಿ ವಾದ ಮಾಡಿದ್ರಿ. ನೆನಪಿದೆಯಾ? ಆಗ ಯಾರು ಹೇಳಿದ್ದು ನಿಜ ಆಯ್ತು?"

ಇದಕ್ಕೆ ಉತ್ತರವಿತ್ತು. ಆಗಿನದು ಕಾಯಿಲೆಯ ಮಾತು, ಈಗಿನದು ನನ್ನದು. ಆದರೆ ಎರಡನ್ನೂ ಆಡಿದ್ದು ಒಂದೇ ಬಾಯಿ, ಅಷ್ಟೇ ನಿಖರವಾಗಿ, ಅಷ್ಟೇ ಜೋರಾಗಿ. ಬೇರೆ ಮಾಡಿ ತೋರಿಸುವುದು ಹೇಗೆ? ನಾನು ಜೋರು ಮಾಡಿದಷ್ಟೂ ಅವರ ವಾದವೇ ಗಟ್ಟಿಯಾಗುತ್ತಿತ್ತು.

ನಡೆದು ತೋರಿಸಿ ಎಂದರು. ನುಣುಪು ನೆಲ, ಪಕ್ಕದಲ್ಲಿ ಪ್ರಮೀಳಾ ಅವರ ಕೈ. ಮೇಜಿನಿಂದ ಬಾಗಿಲವರೆಗೆ ಹೋದೆ. ನಡೆಯದೆ ಇದ್ದು ಗೆಲ್ಲುವುದು ನನ್ನಿಂದಾಗಲಿಲ್ಲ; ಕಾಲು ಬಂದಾಗ ಅದನ್ನು ತಡೆಯಲು ಮನಸ್ಸಾಗಲಿಲ್ಲ.

"ನಡೀತಿದಾರಲ್ಲ, ಇನ್ನು ಮಿಷನ್ ಬೇರೆಯವ್ರಿಗೆ ಕೊಡೋಣ," ಎಂದರು ಡಾಕ್ಟರು. ಅಮ್ಮ ಕಣ್ಣು ಮುಚ್ಚಿಕೊಂಡಳು.

ಪಡಸಾಲೆಯಲ್ಲಿ ಪ್ರಮೀಳಾ ನನ್ನ ಭುಜ ಹಿಡಿದು, "ಇನ್ನು ಸ್ವಲ್ಪ ಸಮಯ ಸಿಕ್ಕಿದ್ರೆ ಒಳ್ಳೇದಿತ್ತು ಟೀಚರ್," ಎಂದಷ್ಟೇ ಹೇಳಿ ಒಳಗೆ ಹೋದರು.

ಹೊಸನಗರದ ನೆಲಕ್ಕೆ ನನ್ನ ಕಾಲು ತಯಾರಿರಲಿಲ್ಲ. ಯಂತ್ರದಲ್ಲಿ ನೆಲ ತಾನಾಗಿ ಹಿಂದಕ್ಕೆ ಸರಿಯುತ್ತದೆ. ಮನೆಯಂಗಳದಲ್ಲಿ ನಿಂತು ಬಲಗಾಲು ಇಟ್ಟೆ, ಎಡಗಾಲಿನಡಿ ಅಂಗಳ ಸರಿಯಲೆಂದು ಕಾದೆ. ಅದು ಸರಿಯಲಿಲ್ಲ. ಜಂಬಿಟ್ಟಿಗೆ ಕಲ್ಲಿನ ಮೆಟ್ಟಿಲು ಒಂದೊಂದೂ ಒಂದೊಂದು ಎತ್ತರ. ಗಣಪಣ್ಣ ಹೇಳಿದ್ದು ನಿಜವೇ, ಆ ಕಾಡು ಬೇರೆ. ಆದರೂ ಯಂತ್ರವನ್ನು ಬೈಯಲು ನನಗೆ ಮನಸ್ಸಿಲ್ಲ. ಆ ಎಳೆತ ಹುಟ್ಟಿದ್ದು ಅಲ್ಲೇ. ಯಂತ್ರ ತಾನು ನನ್ನನ್ನು ನಡೆಸಿದೆ ಎಂದು ಎಲ್ಲೂ ಹೇಳಿಕೊಂಡಿಲ್ಲ, ಹೇಳಿದ್ದು ನಾವು.

ನೋಡಲು ಬಂದವರಿಗೆ ಅಮ್ಮ ನನ್ನನ್ನು ತೋರಿಸುತ್ತಿದ್ದಳು. ಅವರು ಗೇಟಿನ ಹತ್ತಿರ ಕಾಣಿಸಿದ ಕೂಡಲೇ ನನ್ನ ಊರುಗೋಲು ಬಾಗಿಲ ಹಿಂದೆ ಹೋಗುತ್ತಿತ್ತು. ಒಂದು ದಿನ ಪಕ್ಕದ ಬೀದಿಯವರು ಬಂದರು. "ಎಲ್ಲಿ, ರೋಬೋಟ್ ಹುಡ್ಗಿ ನಡೀಲಿ ನೋಡಣ!" ಎಂದರು, ಪ್ರೀತಿಯಿಂದಲೇ.

"ಏಳು ಮಗಾ," ಎಂದಳು ಅಮ್ಮ.

"ಕೋಲು ಕೊಡು."

"ಎಂತಕ್ಕೆ ಕೋಲು? ಏಳು."

ಎದ್ದೆ. ಎಡಗಡೆಯ ಕುರ್ಚಿ ನನಗೆ ಕಾಣಲಿಲ್ಲ. ಬಿದ್ದಾಗ ಹಲ್ಲು ತುಟಿಯೊಳಗೆ ಇಳಿಯಿತು. ಬಂದವರು ಎತ್ತಲು ಓಡಿಬಂದರು. ಅಮ್ಮ ಎಲ್ಲರಿಗಿಂತ ಮೊದಲು ನನ್ನ ತಲೆಯನ್ನು ಮಡಿಲಿಗೆ ತೆಗೆದುಕೊಂಡು, "ನೆಲ ಒದ್ದೆ ಇತ್ತು, ಈಗಷ್ಟೇ ಒರೆಸಿದ್ದು, ಜಾರಿಬಿಟ್ಳು," ಎಂದು ಹೇಳುತ್ತಲೇ ಇದ್ದಳು. ನೆಲ ಒಣಗಿತ್ತು. ಎಲ್ಲರಿಗೂ ಕಾಣುತ್ತಿತ್ತು.

ಈಗ ವಾರದಲ್ಲಿ ಕೆಲವು ದಿನ ಬಸ್ಸಿನಲ್ಲಿ ಸಾಗರಕ್ಕೆ ಹೋಗುತ್ತೇನೆ. ಅಲ್ಲೊಬ್ಬ ಫಿಸಿಯೋಥೆರಪಿಸ್ಟ್ ಇದ್ದಾರೆ. ಕಬ್ಬಿಣದ ಎರಡು ಸರಳು, ಒಂದು ಕನ್ನಡಿ, ಕಿಟಕಿಯಾಚೆ ನಿಜವಾದ ಕಾಗೆಗಳು. ಕೋಲು ಹಿಡಿದು ನಡೆಯುತ್ತೇನೆ, ಪಾದಕ್ಕೆ ಪ್ಲಾಸ್ಟಿಕ್ ಪಟ್ಟಿ ಇದೆ. ಕಾಲು ಎಳೆಯುತ್ತದೆ. ಕಂಡಕ್ಟರು ನನ್ನನ್ನು ಕಂಡರೆ ನಾನು ಹತ್ತಿ ಕೂರುವ ತನಕ ಸೀಟಿ ಊದುವುದಿಲ್ಲ. ಮಹಡಿಯ ಮೆಟ್ಟಿಲು ಇನ್ನೂ ಹತ್ತಿಲ್ಲ. ಇನ್ನಷ್ಟು ದಿನ ಯಂತ್ರ ಸಿಕ್ಕಿದ್ದರೆ ಹತ್ತುತ್ತಿದ್ದೆನೆ? ಗೊತ್ತಿಲ್ಲ. ಗೊತ್ತಿಲ್ಲ ಎಂಬ ಉತ್ತರವನ್ನು ನಾನು ಯಾವ ವೇದಿಕೆಯಲ್ಲೂ ಕೊಟ್ಟವಳಲ್ಲ.

ಸಾಗರದಲ್ಲಿ ಮಧ್ಯಾಹ್ನದ ಊಟ ಚಿಕ್ಕಮ್ಮನ ಮನೆಯಲ್ಲಿ. ಮೊನ್ನೆ ಅವಳು ಬಡಿಸುತ್ತಿದ್ದಾಗ ನಾನು ಎಂದಿನಂತೆ ಅಮ್ಮನ ಹರಕೆಯನ್ನು ಹಿಡಿದು ಜಗ್ಗಾಡುತ್ತಿದ್ದೆ. ಒಂದು ವಿಡಿಯೋ ನೋಡಿ ದೇವರಿಗೇ ರಶೀದಿ ಕೊಟ್ಟುಬಿಟ್ಟಳಲ್ಲ ಎಂದೆ. ಚಿಕ್ಕಮ್ಮ ಸೌಟು ಕೆಳಗಿಟ್ಟಳು.

"ಸಾಕು ಮಾಡೇ. ಎಷ್ಟು ಅಂತಿ? ಆ ವಿಡಿಯೋ ಆದ ಸಂಜೆ ದೊಡ್ಡ ಡಾಕ್ಟ್ರು ಅಕ್ಕನ್ನ ಪಡಸಾಲೇಲಿ ಕರ್ದು ಹೇಳಿದ್ರು. ಹೆಚ್ಗೆ ಆಸೆ ಇಟ್ಕೋಬೇಡಿ, ಕೋಲಿಲ್ದೆ ನಡೆಯೋದು ಕಷ್ಟ ಅಂತ. ನಾನು ಪಕ್ಕದಲ್ಲೇ ಇದ್ದೆ. ಅಕ್ಕ ಒಂದು ಹನಿ ಕಣ್ಣೀರು ಹಾಕ್ಲಿಲ್ಲ. ಮಾರನೇ ಬೆಳಿಗ್ಗೆ ಸೀರೆ ತರ್ಬೇಕು ಅಂತ ಊರಿಗೆ ಹೊರಟ್ಳು."

ತುತ್ತು ಕೈಯಲ್ಲೇ ಉಳಿಯಿತು. ಅಮ್ಮ ಮೋಸ ಹೋದಳು ಎಂಬ ಆಧಾರದ ಮೇಲೆ ಇಷ್ಟು ದಿನದ ನನ್ನ ಇಡೀ ವಾದ ನಿಂತಿತ್ತು. ಅವಳು ಗೊತ್ತಿದ್ದೇ ಹರಕೆ ತೀರಿಸಿದ್ದಳು, ಇನ್ನು ಕೊಡದೆ ಇರಲು ದೇವಿಗೂ ಆಗದಂತೆ.

ಸಂಜೆ ಮನೆಗೆ ಬಂದಾಗ ಅಮ್ಮ ಜಗಲಿಯಲ್ಲಿ ಬಸಳೆ ಸೊಪ್ಪು ಬಿಡಿಸುತ್ತಿದ್ದಳು. ಕೋಲನ್ನು ಗೋಡೆಗೆ ಒರಗಿಸಿ ಅವಳ ಪಕ್ಕ ಕುಳಿತೆ. ಕೋಲಿನ ಕಡೆ ನೋಡಿದಳು, ತೆಗೆದಿಡಲಿಲ್ಲ. ಚಿಕ್ಕಮ್ಮ ಹೇಳಿದ್ದನ್ನು ಹೇಳಿದೆ. ಸೊಪ್ಪು ಬಿಡಿಸುವ ಕೈ ನಿಂತಿತು, ಮತ್ತೆ ಶುರುವಾಯಿತು. ನಾನು ಧ್ವನಿ ತಗ್ಗಿಸಿ ಕೇಳಿದೆ:

"ಅಮ್ಮಾ, ಅವತ್ತು ಡಾಕ್ಟ್ರ ಎದುರು ಚೆನ್ನಾಗಿ ನಡೀತಾಳೆ ಅಂದ್ಯಲ್ಲ, ಅದು ಪದ್ಮಾವತಿ ಅಮ್ಮನ ಮಾತು ಉಳೀಲಿ ಅಂತ ಅಂದಿದ್ದಾ? ಇಲ್ಲಾ, ಡಾಕ್ಟ್ರು ನಿಂಗೆ ಹೇಳಿದ್ದನ್ನ ನನ್ನ ಮುಖದ ಮೇಲೂ ಹೇಳಿಬಿಡ್ತಾರೆ ಅನ್ನೋ ಹೆದರಿಕೆಗಾ?"